ಹಳೆಯ ನೇರಪ್ರಸಾರದ ಸಸ್ಪೆನ್ಸ್ ನಾಟಕಗಳು: ದೋಷ ಡಿವಿಡಿಯದೋ, ಆ ಕಾಲದ್ದೋ?

ರಾತ್ರಿನೋಡುಗ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಳೆದ ದಸರೆಗೆ ಊರಿಗೆ ಬಂದಾಗ ಒಂದು ಡಬ್ಬಿಯ ತುಂಬ ಡಿವಿಡಿಗಳನ್ನು ತಂದುಕೊಟ್ಟ. ನಾನು ಪತ್ತೇದಾರಿ ಕಾದಂಬರಿಗಳ ಹಳೆಯ ಓದುಗನೆಂಬುದು ಅವನಿಗೆ ಚಿಕ್ಕಂದಿನಿಂದಲೂ ಗೊತ್ತು. ಡಬ್ಬಿಯಲ್ಲಿರುವುದು 1949ರಿಂದ 1954ರವರೆಗೆ ಸಿಬಿಎಸ್ ವಾಹಿನಿಯು ನ್ಯೂಯಾರ್ಕಿನ ಸ್ಟುಡಿಯೋದಿಂದ ನೇರವಾಗಿ ಪ್ರಸಾರ ಮಾಡುತ್ತಿದ್ದ ‘ಸಸ್ಪೆನ್ಸ್’ ಎಂಬ ಅರ್ಧ ಗಂಟೆಯ ನಾಟಕಮಾಲೆಯ ಹಲವು ಕಂತುಗಳು; ಜೊತೆಗೆ ಅದೇ ಕಾಲದ ‘ಡೇಂಜರ್’ ಮತ್ತು ‘ಟೇಲ್ಸ್ ಆಫ್ ಟುಮಾರೊ’ ಮಾಲೆಗಳ ಕೆಲವು ಕಂತುಗಳು. ದೂರದರ್ಶನದಲ್ಲಿ ‘ಕರಮ್‌ಚಂದ್’, ‘ಬ್ಯೋಮಕೇಶ್ ಬಕ್ಷಿ’ ನೋಡಿ ಬೆಳೆದ ನನಗೆ, ಅವುಗಳಿಗಿಂತ ಮೂರು ನಾಲ್ಕು ದಶಕ ಹಿಂದಿನ, ಅದೂ ಆಡುತ್ತಿರುವಾಗಲೇ ಮನೆಮನೆಗೆ ತಲುಪಿದ ಪತ್ತೇದಾರಿ ನಾಟಕ ಎಂದರೆ ಆಸೆ ಹುಟ್ಟದಿರುತ್ತದೆಯೇ?

ನನ್ನ ತಂದೆಯವರಿಗೆ ಈಗ ಎಂಬತ್ತೆರಡು ವರ್ಷ. ನಿವೃತ್ತ ಶಿಕ್ಷಕರಾದ ಅವರಿಗೆ ಇಂಗ್ಲಿಷ್ ಚೆನ್ನಾಗಿ ತಿಳಿಯುತ್ತದೆ, ಆದರೆ ಅಮೆರಿಕನ್ನರ ಉಚ್ಚಾರ ಬೇಗ ಕಿವಿಗೆ ದಕ್ಕುವುದಿಲ್ಲ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಕುಳಿತು ದಿನಕ್ಕೊಂದು ಕಂತು ನೋಡುತ್ತೇವೆ. ತೊಂದರೆ ಏನೆಂದರೆ, ಚಿತ್ರವೆಲ್ಲ ಬೂದಿ ಬಳಿದಂತೆ ಮಸುಕಾಗಿದೆ. ಮೇಜಿನ ದೀಪದ ಸುತ್ತ, ಬಿಳಿ ಅಂಗಿಯ ಅಂಚಿನಲ್ಲಿ ಕಪ್ಪು ಬಳೆಯೊಂದು ಕಾಣುತ್ತದೆ. ಪರದೆಯ ನಡುಭಾಗದಲ್ಲಿ ಅಡ್ಡಲಾಗಿ ಒಂದು ಪಟ್ಟಿ ಆಗಾಗ ಮಿನುಗುತ್ತದೆ. ಧ್ವನಿಯಂತೂ ಹತ್ತಿ ತುರುಕಿದ ಕಿವಿಯಲ್ಲಿ ಕೇಳಿದ ಹಾಗಿದೆ. ಒಂದು ಕಂತಿನಲ್ಲಿ ಕೊಲೆಗಾರ ಮೆಟ್ಟಿಲು ಹತ್ತುವಾಗ ಅವನ ಹಿಂದಿನ ಗೋಡೆಯ ಮೇಲೆ ಮೈಕಿನ ನೆರಳು ಸ್ಪಷ್ಟವಾಗಿ ತೂಗಾಡಿತು. ಇದು ಕೆಟ್ಟ ನಕಲು, ಬದಿಗಿಡಿ, ಅಂತರ್ಜಾಲದಲ್ಲಿ ಇದೇ ಕಂತುಗಳಿಗೆ ಬಣ್ಣ ಹಚ್ಚಿ ಸ್ಪಷ್ಟಗೊಳಿಸಿದ ಪ್ರತಿಗಳಿವೆ ಎಂದು ನನ್ನ ಮಗ ಹೇಳುತ್ತಾನೆ.

ಆದರೆ ಮೊನ್ನೆ ಒಂದು ಸಂಗತಿ ನಡೆಯಿತು. ಬಾಗಿಲ ಬಳಿ ನಿಂತ ನಟನೊಬ್ಬ ಮಾತು ಮರೆತವನಂತೆ ಎರಡು ಮೂರು ಕ್ಷಣ ಸುಮ್ಮನಾದ. ಎದುರಿಗಿದ್ದ ನಟಿ ತಾನೇ ಒಂದು ಪ್ರಶ್ನೆ ಕೇಳಿ ಅವನನ್ನು ದಡ ಸೇರಿಸಿದಳು. ಅಷ್ಟು ಹೊತ್ತು ತಂದೆಯವರು ಕುರ್ಚಿಯ ತುದಿಗೆ ಬಂದು ಉಸಿರು ಹಿಡಿದು ಕುಳಿತಿದ್ದರು. ಕತೆಯಲ್ಲಿ ಆಗ ಭಯಪಡುವಂಥದ್ದು ಏನೂ ಇರಲಿಲ್ಲ.

ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆ ಇದು. ನಾನು ಹೇಳಿದ ಈ ದೋಷಗಳಲ್ಲಿ ಯಾವುವು ಡಿವಿಡಿ ಮಾಡಿದವರವು, ಯಾವುವು ಮೂಲದಲ್ಲೇ ಇದ್ದವು? ಟಿವಿಯಲ್ಲಿ ಏನು ಹೊಂದಿಸಿಕೊಂಡರೆ ಇವನ್ನು ಇದ್ದುದರಲ್ಲಿ ಚೆನ್ನಾಗಿ ನೋಡಬಹುದು? ನಡುವೆ ಬರುವ ಜಾಹೀರಾತುಗಳನ್ನು ನೋಡಬೇಕೋ, ದಾಟಿಸಬೇಕೋ? ಇವು ಮುಗಿದ ಮೇಲೆ ಮುಂದೆ ಯಾವುದನ್ನು ಹುಡುಕಬೇಕು?


ನವನಗರದ ರಿಪೇರಿಯವ, ಬಾಗಲಕೋಟೆ

ನಾನು ಮೂವತ್ತು ವರ್ಷ ಟಿವಿ ಮತ್ತು ವಿಸಿಆರ್ ದುರಸ್ತಿ ಮಾಡಿದವನು. ತಾವು ಬರೆದ ಲಕ್ಷಣಗಳನ್ನು ಓದಿದಾಗ, ವೈದ್ಯನೊಬ್ಬ ರೋಗಿಯ ಬಾಯಿಂದಲೇ ರೋಗದ ಹೆಸರು ಕೇಳಿದಂತಾಯಿತು. ಅವುಗಳಲ್ಲಿ ಹೆಚ್ಚಿನವು ಡಿವಿಡಿಯ ದೋಷಗಳಲ್ಲ.

ಆ ನಾಟಕಗಳು ನಡೆದಾಗ ವಿಡಿಯೋ ಟೇಪ್ ಎಂಬುದೇ ಇರಲಿಲ್ಲ. ಆಂಪೆಕ್ಸ್ ಕಂಪನಿಯು ತನ್ನ ಟೇಪ್ ಯಂತ್ರವನ್ನು ಜನರ ಮುಂದಿಟ್ಟದ್ದು 1956ರ ಏಪ್ರಿಲ್‌ನಲ್ಲಿ. ಸಿಬಿಎಸ್ ಅದನ್ನು ಮೊದಲಿಗೆ ಪ್ರಸಾರಕ್ಕೆ ಬಳಸಿದ್ದು ಅದೇ ವರ್ಷದ ನವೆಂಬರ್ 30ರಂದು, ಒಂದು ಸುದ್ದಿ ಕಾರ್ಯಕ್ರಮಕ್ಕೆ. ಅದಕ್ಕೂ ಮುಂಚೆ ನೇರಪ್ರಸಾರವನ್ನು ಉಳಿಸಿಕೊಳ್ಳಲು ಇದ್ದ ದಾರಿ ಒಂದೇ: ಮಾನಿಟರಿನ ಎದುರು ಫಿಲ್ಮ್ ಕ್ಯಾಮೆರಾ ನಿಲ್ಲಿಸಿ, ಪರದೆಯ ಮೇಲೆ ಮೂಡುತ್ತಿರುವ ಚಿತ್ರವನ್ನೇ ಸಿನಿಮಾ ರೀಲಿನ ಮೇಲೆ ಹಿಡಿಯುವುದು. ಇದನ್ನು ಅಮೆರಿಕದಲ್ಲಿ ಕಿನೆಸ್ಕೋಪ್ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಟೆಲಿರೆಕಾರ್ಡಿಂಗ್. ಇದಕ್ಕೆಂದೇ ಕೊಡಕ್ ಕಂಪನಿ 1947ರಲ್ಲಿ ತಂದ 16 ಮಿ.ಮೀ. ಕ್ಯಾಮೆರಾಕ್ಕೆ 1200 ಅಡಿಯ ರೀಲು ಹಿಡಿಸುತ್ತಿತ್ತು. ಅಂದರೆ ಅರ್ಧ ಗಂಟೆಯ ಕಾರ್ಯಕ್ರಮವೊಂದು ಎಲ್ಲಿಯೂ ತುಂಡಾಗದೆ ಒಂದೇ ರೀಲಿನಲ್ಲಿ ಮುಗಿಯುತ್ತಿತ್ತು. ಹೀಗೆ ಹಿಡಿದದ್ದು ಮುಂದಿನ ತಲೆಮಾರಿಗಾಗಿ ಅಲ್ಲ. 1951ರ ಸೆಪ್ಟೆಂಬರ್‌ವರೆಗೆ ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಟಿವಿ ಸಂಪರ್ಕವೇ ಇರಲಿಲ್ಲವಾದ್ದರಿಂದ, ನ್ಯೂಯಾರ್ಕಿನಲ್ಲಿ ಆಡಿದ ನಾಟಕವನ್ನು ಲಾಸ್ ಏಂಜಲೀಸಿನವರು ನೋಡಬೇಕೆಂದರೆ ರೀಲನ್ನು ಕಳಿಸಬೇಕಾಗಿತ್ತು. ಆ ಕೆಲಸ ಮುಗಿದ ಮೇಲೆ ರೀಲಿಗೆ ಬೆಲೆಯಿಲ್ಲ. ಎಷ್ಟೋ ರೀಲುಗಳನ್ನು ಎಸೆದರು. ತಮ್ಮ ಮನೆಯಲ್ಲಿರುವುದು ಆ ಎಸೆತದಿಂದ ತಪ್ಪಿಸಿಕೊಂಡು ಬಂದದ್ದು.

ಈಗ ನಡುವೆ ಮಿನುಗುವ ಪಟ್ಟಿಯ ವಿಷಯ. ಅಮೆರಿಕದ ಟಿವಿ ಸೆಕೆಂಡಿಗೆ 30 ಚಿತ್ರ ತೋರಿಸುತ್ತದೆ. ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ಬರುವುದರಿಂದ ಸೆಕೆಂಡಿಗೆ 60 ಅರ್ಧಚಿತ್ರಗಳಾಗುತ್ತವೆ. ಸಿನಿಮಾ ಕ್ಯಾಮೆರಾದ ಓಟವೋ ಸೆಕೆಂಡಿಗೆ 24 ಚೌಕಟ್ಟು. ಈ ಎರಡನ್ನು ಹೊಂದಿಸಲು ಕ್ಯಾಮೆರಾ ಏನು ಮಾಡುತ್ತಿತ್ತೆಂದರೆ, ಒಂದು ಸೆಕೆಂಡಿನ ನೂರಿಪ್ಪತ್ತನೆಯ ಒಂದು ಭಾಗವನ್ನು ಒಂದು ಪಾಲು ಎಂದುಕೊಂಡರೆ, ನಾಲ್ಕು ಪಾಲು ಹೊತ್ತು ಕಣ್ಣು ತೆರೆದು ಚಿತ್ರ ಹಿಡಿಯುತ್ತಿತ್ತು, ಒಂದು ಪಾಲು ಹೊತ್ತು ಕಣ್ಣು ಮುಚ್ಚಿ ಫಿಲ್ಮನ್ನು ಮುಂದಕ್ಕೆ ಎಳೆಯುತ್ತಿತ್ತು. ಆ ಒಂದು ಪಾಲೆಂದರೆ ಅರ್ಧಚಿತ್ರದ ಅರ್ಧ. ಆದ್ದರಿಂದ ಒಂದು ಬಿಟ್ಟು ಒಂದು ಚೌಕಟ್ಟು ಪರದೆಯ ನಟ್ಟನಡುವೆ ಶುರುವಾಗಿ ನಟ್ಟನಡುವೆಯೇ ಮುಗಿಯುತ್ತದೆ. ಅಲ್ಲಿ ಬೆಸುಗೆ ಕೂದಲೆಳೆಯಷ್ಟು ತಪ್ಪಿದರೂ ಕಪ್ಪು ಅಥವಾ ಬಿಳಿ ಪಟ್ಟಿಯೊಂದು ಕಾಣುತ್ತದೆ. ತಾವು ನೋಡುತ್ತಿರುವುದು ಆ ಬೆಸುಗೆಯನ್ನು.

ದೀಪದ ಸುತ್ತಲಿನ ಕಪ್ಪು ಬಳೆಯು ಸ್ಟುಡಿಯೋ ಕ್ಯಾಮೆರಾದ್ದು. ಆಗ ಬಳಸುತ್ತಿದ್ದ ಇಮೇಜ್ ಆರ್ಥಿಕಾನ್ ಎಂಬ ನಳಿಕೆಯಲ್ಲಿ, ತೀವ್ರ ಬೆಳಕು ಬಿದ್ದ ಜಾಗದಿಂದ ಸಿಡಿದ ಇಲೆಕ್ಟ್ರಾನುಗಳು ಸುತ್ತಮುತ್ತ ಮರಳಿ ಬೀಳುತ್ತಿದ್ದವು; ಬಿದ್ದ ಜಾಗವೆಲ್ಲ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತಿತ್ತು. ಆ ರಾತ್ರಿ ನ್ಯೂಯಾರ್ಕಿನ ಮನೆಯಲ್ಲಿ ಕುಳಿತು ನೋಡಿದವನಿಗೂ ಆ ಬಳೆ ಕಂಡಿರುತ್ತದೆ. ಮೈಕಿನ ನೆರಳೂ ಕಂಡಿರುತ್ತದೆ. ಆದರೆ ಮೈಕೇ ಚೌಕಟ್ಟಿನ ಮೇಲಂಚಿನಲ್ಲಿ ಇಣುಕಿದ್ದರೆ ಅವನಿಗೆ ಕಾಣದೆಯೂ ಇರಬಹುದು, ಏಕೆಂದರೆ ಆಗಿನ ಮನೆಯ ಸೆಟ್ಟುಗಳು ಚಿತ್ರದ ಅಂಚನ್ನು ಸ್ವಲ್ಪ ಮರೆಮಾಡುತ್ತಿದ್ದವು.

ಬೂದಿ ಬಣ್ಣದ ವಿಷಯದಲ್ಲಿ ಮಾತ್ರ ತಮ್ಮ ಮಗ ಅರ್ಧ ಸರಿ. ಈ ಮಾಲೆಗಳ ಅನೇಕ ಕಂತುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರುತ್ತಾರೆ. ಅಗ್ಗದ ಡಿವಿಡಿಗಳನ್ನು ಹಲವು ಬಾರಿ ರೀಲಿನಿಂದಲ್ಲ, ರೀಲಿನಿಂದ ಮಾಡಿದ ವಿಎಚ್‌ಎಸ್ ಕ್ಯಾಸೆಟ್ಟಿನ ನಕಲಿನಿಂದ ಮಾಡಿರುತ್ತಾರೆ. ನಕಲಿನ ನಕಲಿನಲ್ಲಿ ಮೊದಲು ಸಾಯುವುದು ಕಪ್ಪು ಮತ್ತು ಬಿಳುಪಿನ ನಡುವಣ ಛಾಯೆಗಳು. ಧ್ವನಿಯ ಮಂದತೆಗೆ 16 ಮಿ.ಮೀ. ಫಿಲ್ಮಿನ ಅಂಚಿನಲ್ಲಿ ಬೆಳಕಿನ ರೂಪದಲ್ಲಿ ಬರೆದ ಧ್ವನಿಪಟ್ಟಿಯೇ ಕಾರಣ. ತೀಕ್ಷ್ಣ ಸ್ವರಗಳು ಅದರಲ್ಲಿ ಹಿಡಿಸುವುದಿಲ್ಲ.

ಮಾಡಬೇಕಾದದ್ದು ಸರಳವಾಗಿದೆ. ಚಿತ್ರದ ಅಳತೆಯನ್ನು 4:3ಕ್ಕೆ ಇಡಿ. ಅಗಲಿಸಿ ನೋಡಿದರೆ ಮುಖಗಳು ಚಪ್ಪಟೆಯಾಗಿ, ನಿರ್ದೇಶಕ ಕಷ್ಟಪಟ್ಟು ಕಟ್ಟಿದ ಇಕ್ಕಟ್ಟಾದ ಚೌಕಟ್ಟು ಹಾಳಾಗುತ್ತದೆ. ಶಾರ್ಪ್‌ನೆಸ್ ಅನ್ನು ತೀರ ಕೆಳಗೆ ತನ್ನಿ, ನಾಯ್ಸ್ ರಿಡಕ್ಷನ್ ಆರಿಸಿ. ಚಲನೆಯನ್ನು ನಯಗೊಳಿಸುವ ಸೌಲಭ್ಯ ಟಿವಿಯಲ್ಲಿದ್ದರೆ ಅದನ್ನೂ ಆರಿಸಿ. ಧ್ವನಿಗೆ ಸರೌಂಡ್ ಬೇಡ, ಮಾತಿಗೆಂದು ಇರುವ ಹೊಂದಿಕೆ ಸಾಕು. ತಂದೆಯವರಿಗೆ ಒಳ್ಳೆಯ ಹೆಡ್‌ಫೋನ್ ಕೊಟ್ಟು ನೋಡಿ. ಬಣ್ಣ ಹಚ್ಚಿದ ಪ್ರತಿಯನ್ನು ದಯವಿಟ್ಟು ಹಚ್ಚಿಕೊಳ್ಳಬೇಡಿ. ಅದರಲ್ಲಿ ಬೆಸುಗೆ ಅಳಿಸುವ ಭರದಲ್ಲಿ ನಟರ ಕಣ್ಣಿನ ಹೊಳಪನ್ನೂ ಅಳಿಸಿರುತ್ತಾರೆ.


ಪೇಟಿಯ ದನಿ, ಗುಳೇದಗುಡ್ಡ

ಮೇಲಿನವರು ಯಂತ್ರದ ಮಾತನ್ನು ಪೂರ್ತಿ ಹೇಳಿದ್ದಾರೆ. ನನಗೆ ತಾವು ಬರೆದುದರಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ತಂದೆಯವರು ಕುರ್ಚಿಯ ತುದಿಗೆ ಬಂದ ಸಂಗತಿ. ಅವರಿಗೆ ಆ ನಾಟಕದ ಗುಟ್ಟು ತಾನಾಗಿಯೇ ತಿಳಿದಿದೆ.

ನಮ್ಮ ತಂದೆ ನಾಟಕ ಕಂಪನಿಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದರು. ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡು ಬಿಟ್ಟು ವಾರಗಟ್ಟಲೆ ಆಡುವಾಗ ನಾನು ಪ್ರತಿ ರಾತ್ರಿ ಪಕ್ಕದ ಪರದೆಯ ಹಿಂದೆ, ಪ್ರಾಂಪ್ಟರ್ ಕಾಲ ಬಳಿ ಕುಳಿತು ನೋಡಿದವನು. ಕಂದಗಲ್ ಹನುಮಂತರಾಯರ ನಾಟಕವಿರಲಿ, ಪಿ.ಬಿ. ಧುತ್ತರಗಿಯವರದಿರಲಿ, ಪ್ರೇಕ್ಷಕರಿಗೆ ಕತೆ ಬಾಯಿಪಾಠವಾಗಿರುತ್ತಿತ್ತು. ಆದರೂ ಅವರು ಬೆಳಗಾಗುವವರೆಗೆ ಕದಲುತ್ತಿರಲಿಲ್ಲ. ಏಕೆಂದರೆ ಕತೆ ಏನಾಗುತ್ತದೆ ಎನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಅಲ್ಲಿ ಸದಾ ಇರುತ್ತಿತ್ತು: ಈ ಮನುಷ್ಯ ಇಂದು ಈ ದೃಶ್ಯವನ್ನು ದಾಟುತ್ತಾನೆಯೇ? ನೇರಪ್ರಸಾರದ ಸಸ್ಪೆನ್ಸ್ ನಾಟಕದಲ್ಲಿ ಈ ಎರಡು ಆತಂಕಗಳೂ ಒಂದರ ಬೆನ್ನಿಗೊಂದು ಅಂಟಿಕೊಂಡಿರುತ್ತವೆ. ಪಾತ್ರವೂ ಅಪಾಯದಲ್ಲಿದೆ, ಪಾತ್ರಧಾರಿಯೂ ಅಪಾಯದಲ್ಲಿದ್ದಾನೆ. ಫಿಲ್ಮಿನಲ್ಲಿ ಚಿತ್ರಿಸಿ, ತಪ್ಪಿದ್ದನ್ನು ಕತ್ತರಿಸಿ ತೆಗೆದ ಪತ್ತೇದಾರಿ ಕತೆಯಲ್ಲಿ ಎರಡನೆಯದು ಇರಲು ಸಾಧ್ಯವೇ ಇಲ್ಲ.

ಇಂಥ ನಾಟಕವನ್ನು ನೋಡುವಾಗ ಸ್ಟುಡಿಯೋ ಹೇಗಿತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಸೆಟ್ಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಕ್ಯಾಮೆರಾ ಹತ್ತಿರ ಬಂದಂತೆ ಕಾಣಬೇಕಾದರೆ ಕ್ಯಾಮೆರಾವನ್ನೇ ತಳ್ಳಿಕೊಂಡು ಹೋಗಬೇಕು, ಇಲ್ಲವೇ ಅದರ ಮುಂದಿನ ಚಕ್ರದಲ್ಲಿರುವ ಬೇರೆ ಲೆನ್ಸಿಗೆ ತಿರುಗಿಸಬೇಕು. ಆ ತಿರುಗಿಸುವ ಹೊತ್ತಿನಲ್ಲಿ ಇನ್ನೊಂದು ಕ್ಯಾಮೆರಾ ಚಿತ್ರ ಕೊಡುತ್ತಿರಬೇಕು. ನಟ ಒಂದು ಸೆಟ್ಟಿನಲ್ಲಿ ಸತ್ಯ ಒಪ್ಪಿಕೊಂಡು, ಮುಂದಿನ ದೃಶ್ಯಕ್ಕೆ ಕೇಬಲ್ಲುಗಳನ್ನು ದಾಟಿ ಓಡಿ, ಕೋಟು ಬದಲಿಸಿ, ಏದುಸಿರು ನುಂಗಿಕೊಂಡು ಶಾಂತನಾಗಿ ಸಿಗರೇಟು ಹಚ್ಚಬೇಕು. ಆ ನಡುವಿನ ಅವಧಿಯನ್ನು ತುಂಬಲು ಎದುರಿನ ನಟಿಯ ಮುಖವನ್ನೋ, ಗಡಿಯಾರವನ್ನೋ, ಬಾಗಿಲ ಹಿಡಿಯನ್ನೋ ತೀರ ಹತ್ತಿರದಿಂದ ತೋರಿಸುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಹಿಂದುಗಡೆ ಅರಮನೆಯ ಸೆಟ್ಟು ಕಟ್ಟುತ್ತಿರುವಾಗ ಅಡ್ಡಪರದೆ ಬಿಟ್ಟು ಮುಂದೆ ಹಾಸ್ಯದ ಸೀನು ಆಡಿಸುವುದಿಲ್ಲವೇ, ಅದೇ ಕೆಲಸ. ವ್ಯತ್ಯಾಸವೆಂದರೆ ನಮ್ಮಲ್ಲಿ ಅದು ನಗುವಾಯಿತು, ಅವರಲ್ಲಿ ಅದು ಭಯವಾಯಿತು. ಸುಮ್ಮನೆ ನಿಂತ ಬಾಗಿಲ ಹಿಡಿಯನ್ನು ಹತ್ತು ಸೆಕೆಂಡು ನೋಡಿದರೆ ಯಾರಿಗೆ ತಾನೇ ಅಂಜಿಕೆಯಾಗದು! ಇಕ್ಕಟ್ಟಿನಿಂದ ಹುಟ್ಟಿದ ಈ ಉಪಾಯವೇ ಮುಂದೆ ಶೈಲಿಯಾಯಿತೆಂದು ನಾನು ನಂಬಿದ್ದೇನೆ. ‘ಸಸ್ಪೆನ್ಸ್’ ಮಾಲೆಯನ್ನು ನಿರ್ದೇಶಿಸಿದ ರಾಬರ್ಟ್ ಸ್ಟೀವನ್ಸ್ ಮುಂದೆ ಹಿಚ್‌ಕಾಕ್ ಅವರ ಟಿವಿ ಮಾಲೆಗೆ ಹೋದರು. ‘ಡೇಂಜರ್’ನಲ್ಲಿ ಯೂಲ್ ಬ್ರಿನ್ನರ್ ನಿರ್ದೇಶಕರಾಗಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತು, ಅವರು ಬಿಟ್ಟ ಮೇಲೆ ಆ ಕುರ್ಚಿಗೆ ಬಂದವರು, ಮುಂದೆ ಹೆಸರಾಂತ ಸಿನಿಮಾ ನಿರ್ದೇಶಕರಾದ ಸಿಡ್ನಿ ಲುಮೆಟ್.

‘ಡೇಂಜರ್’ ನೋಡುವಾಗ ಸಂಗೀತಕ್ಕೆ ಕಿವಿಗೊಡಿ. ಟೋನಿ ಮೊಟ್ಟೋಲಾ ಎಂಬವರ ಒಂದೇ ಒಂದು ಗಿಟಾರು. ‘ಸಸ್ಪೆನ್ಸ್’ನಲ್ಲಿ ಆರ್ಗನ್. ಪೇಟಿ ಮಾಸ್ತರನ ಮಗನಾಗಿ ನನಗೆ ಇದು ಬಹಳ ಹತ್ತಿರದ್ದು: ನಟ ತಡವರಿಸಿದರೆ ಒಂದು ಸ್ವರವನ್ನು ಎಳೆದು ಹಿಡಿದು ಅವನು ಸುಧಾರಿಸಿಕೊಳ್ಳುವವರೆಗೆ ಕಾಯುವ ಕೆಲಸ ಅದು.

ಇನ್ನು ತಪ್ಪುಗಳ ಮಾತು. 1954ರ ಅಕ್ಟೋಬರ್ 7ರಂದು ‘ಕ್ಲೈಮ್ಯಾಕ್ಸ್’ ಎಂಬ ಮಾಲೆಯ ಮೊದಲ ನಾಟಕದಲ್ಲಿ ಹೆಣವಾಗಿ ಮಲಗಿದ್ದ ಟ್ರಿಸ್ಟ್ರಾಂ ಕಾಫಿನ್ ಎಂಬ ನಟ, ಕ್ಯಾಮೆರಾ ತನ್ನ ಮೇಲಿಲ್ಲವೆಂದು ತಿಳಿದು ಎದ್ದು ನಡೆದುಬಿಟ್ಟರು. ದೇಶವೆಲ್ಲ ಅದನ್ನು ನೋಡಿತು. ‘ಟೇಲ್ಸ್ ಆಫ್ ಟುಮಾರೊ’ದಲ್ಲಿ 1952ರ ಜನವರಿ 18ರಂದು ಪ್ರಸಾರವಾದ ‘ಫ್ರಾಂಕೆನ್‌ಸ್ಟೈನ್’ ತಮ್ಮ ಡಬ್ಬಿಯಲ್ಲಿದ್ದರೆ ಅದರಲ್ಲೂ ಒಂದು ಇಂಥದೇ ಗಳಿಗೆಯಿದೆ. ದೈತ್ಯನಾಗಿ ನಟಿಸಿದ ಲಾನ್ ಚೇನಿ ಜೂನಿಯರ್ ಕುರ್ಚಿಯನ್ನು ಎತ್ತಿ, ಒಡೆಯಬೇಕಾದಲ್ಲಿ, ಮೆಲ್ಲಗೆ ಕೆಳಗಿಡುತ್ತಾರೆ. ಇದನ್ನು ಪೂರ್ವಾಭ್ಯಾಸವೆಂದು ಭಾವಿಸಿದ್ದರೆಂದು ಹೇಳುತ್ತಾರೆ. ಇಂಥವನ್ನು ಮಾತ್ರ ಕತ್ತರಿಸಿ ಜೋಡಿಸಿ ನಗುವವರಿದ್ದಾರೆ. ನಾನು ಕೈಮುಗಿದು ಕೇಳುವುದೆಂದರೆ, ತಪ್ಪು ಹುಡುಕಲು ಕೂರಬೇಡಿ. ಇಪ್ಪತ್ತೆಂಟು ನಿಮಿಷ ತಪ್ಪದೆ ಆಡಿದ್ದೇ ಇಲ್ಲಿ ಬೆರಗಿನ ಸಂಗತಿ. ಜಾಹೀರಾತನ್ನೂ ದಾಟಿಸಬೇಡಿ, ಏಕೆಂದರೆ ‘ಸಸ್ಪೆನ್ಸ್’ನಲ್ಲಿ ಆಟೋಲೈಟ್ ಕಂಪನಿಯವರು ಸ್ಪಾರ್ಕ್ ಪ್ಲಗ್ಗಿನ ಗುಣಗಾನ ಮಾಡುತ್ತಿರುವ ಹೊತ್ತಿನಲ್ಲೇ ಅಲ್ಲಿ ನಟರು ಓಡುತ್ತಿರುತ್ತಾರೆ. ನಡುವೆ ನಿಲ್ಲಿಸಿ ನೀರು ಕುಡಿಯಲು ಏಳುವುದೂ ಬೇಡ. ದೀಪ ಆರಿಸಿ, ಒಂದೇ ಪಟ್ಟಿಗೆ ಕೂತು ನೋಡಿ. ಕರೆಂಟು ಹೋದರೆ ಮರುದಿನ ಮೊದಲಿನಿಂದ.


ಶಹಾಪುರ ಗಲ್ಲಿ, ಬೆಳಗಾವಿ

ಗುಳೇದಗುಡ್ಡದವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ನವನಗರದವರ ಒಂದು ಸಲಹೆಯನ್ನು ಒಪ್ಪಲಾರೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆರಿಸಬೇಕೆಂಬುದು ಸಿನಿಮಾಗಳ ವಿಷಯದಲ್ಲಿ ನೂರಕ್ಕೆ ನೂರು ಸರಿ. ಕಿನೆಸ್ಕೋಪ್ ಸಿನಿಮಾ ಅಲ್ಲ. ಆ ನಾಟಕ ನಡೆದ ರಾತ್ರಿ ಜನರು ಸೆಕೆಂಡಿಗೆ 60 ಅರ್ಧಚಿತ್ರಗಳ ನಯವಾದ, ಇದೀಗ ಎದುರಿಗೆ ನಡೆಯುತ್ತಿರುವಂತಹ ಚಲನೆಯನ್ನು ನೋಡಿದ್ದರು. ಅದನ್ನು 24ಕ್ಕೆ ಇಳಿಸಿ ಅದಕ್ಕೊಂದು ಸಿನಿಮಾದ ದೂರವನ್ನು ಕೊಟ್ಟದ್ದು ಫಿಲ್ಮ್ ಕ್ಯಾಮೆರಾ. ಬ್ರಿಟನ್ನಿನಲ್ಲಿ ‘ಡಾಕ್ಟರ್ ಹೂ’ ಮಾಲೆಯ ಹಳೆಯ ಕಂತುಗಳನ್ನು ಡಿವಿಡಿಗೆ ತರುವಾಗ ವಿಡ್‌ಫೈರ್ ಎಂಬ ವಿಧಾನದಿಂದ ಕಳೆದುಹೋದ ನಡುವಿನ ಚಲನೆಯನ್ನು ಲೆಕ್ಕಹಾಕಿ ಮರಳಿ ತುಂಬಿ, ಸೆಕೆಂಡಿಗೆ 50 ಅರ್ಧಚಿತ್ರಗಳ ನೋಟವನ್ನು ಮತ್ತೆ ತಂದರು. ಅದನ್ನು ಮೊದಲ ಬಾರಿ ನೋಡಿದಾಗ, ಇಷ್ಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದವರು ಕೋಣೆಯೊಳಗೆ ಬಂದಂತೆ ನನಗೆ ಅನಿಸಿತ್ತು. ಮನೆಯ ಟಿವಿಯಲ್ಲಿರುವ ಸೌಲಭ್ಯ ಅಷ್ಟು ನಾಜೂಕಿನದಲ್ಲ ನಿಜ. ಆದರೂ ಈ ಒಂದು ಬಗೆಯ ಚಿತ್ರಕ್ಕೆ ಅದನ್ನು ಕಡಿಮೆ ಮಟ್ಟದಲ್ಲಿ ಹಾಕಿ ನೋಡುವುದರಲ್ಲಿ ತಪ್ಪಿಲ್ಲ.

ಎಂಬತ್ತರ ದಶಕದಲ್ಲಿ ನಾವು ಖಡೇಬಜಾರಿನಿಂದ ಒಂದು ರಾತ್ರಿಗೆ ವಿಸಿಪಿ ಬಾಡಿಗೆಗೆ ತಂದು, ಬೆಳಗಿನೊಳಗೆ ನಾಲ್ಕು ಕ್ಯಾಸೆಟ್ ಮುಗಿಸಿ ಮರಳಿಸುತ್ತಿದ್ದೆವು. ಆಗ ನಮಗೆ ಇಂಥ ನಾಟಕಗಳು ಇವೆಯೆಂಬುದೇ ತಿಳಿದಿರಲಿಲ್ಲ. ಈಗ ಹುಡುಕುವ ತಾವು ಅದೃಷ್ಟವಂತರು. ಒಂದು ಎಚ್ಚರಿಕೆ ಮಾತ್ರ ಇರಲಿ: ಅಮೆರಿಕದ ಡಿವಿಡಿಗಳು ವಲಯ 1ರವು, ಬ್ರಿಟನ್ನಿನವು ವಲಯ 2ರವು, ನಮ್ಮ ದೇಶ ವಲಯ 5ರಲ್ಲಿದೆ. ವಲಯದ ಬೀಗವಿಲ್ಲದ ಪ್ಲೇಯರ್ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಕೊಳ್ಳುವ ಮೊದಲು ನೋಡಿಕೊಳ್ಳಿ.

ಮುಂದೆ ಏನು ಎಂದು ಕೇಳಿದ್ದೀರಿ. ಮೊದಲು ‘ಕ್ಲೈಮ್ಯಾಕ್ಸ್’ ಮಾಲೆಯ ‘ಕ್ಯಾಸಿನೊ ರಾಯಲ್’. ಮೇಲೆ ಹೇಳಿದ ಹೆಣ ಎದ್ದು ನಡೆದ ಘಟನೆಯಾಗಿ ಎರಡೇ ವಾರಕ್ಕೆ, 1954ರ ಅಕ್ಟೋಬರ್ 21ರಂದು, ನೇರಪ್ರಸಾರವಾದದ್ದು. ಜೇಮ್ಸ್ ಬಾಂಡ್ ಪರದೆಯ ಮೇಲೆ ಮೊದಲು ಬಂದದ್ದು ಸಿನಿಮಾದಲ್ಲಲ್ಲ, ಇದರಲ್ಲಿ. ಬ್ಯಾರಿ ನೆಲ್ಸನ್ ಅಮೆರಿಕದ ಗೂಢಚಾರ ‘ಜಿಮ್ಮಿ’ ಬಾಂಡ್ ಆಗಿ. ಇದು ಕಳೆದೇ ಹೋಗಿದೆಯೆಂದು ತಿಳಿದಿದ್ದಾಗ 1981ರಲ್ಲಿ ಅದರ ಕಿನೆಸ್ಕೋಪ್ ಸಿಕ್ಕಿತು, ಮುಂದೆ 1967ರ ಅದೇ ಹೆಸರಿನ ಚಿತ್ರದ ಡಿವಿಡಿಯಲ್ಲಿ ಪೂರಕವಾಗಿ ಬಂತು. ಸಾಹಸವನ್ನು ನಿರೀಕ್ಷಿಸಬೇಡಿ. ಇಸ್ಪೀಟಿನ ಮೇಜು, ಎದುರಿಗೆ ಪೀಟರ್ ಲೋರೆಯ ಮುಖ, ಅಷ್ಟೇ. ಆದರೆ ಆ ಮುಖದ ಮೇಲೆ ಬೆವರು ಕಾಣುತ್ತದೆ, ಆ ಬೆವರು ಸ್ಟುಡಿಯೋ ದೀಪಗಳ ಅಡಿಯಲ್ಲಿ ನಿಜವಾಗಿ ಹುಟ್ಟಿದ್ದು.

ಆಮೇಲೆ ಬಿಬಿಸಿಯ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’. 1953ರ ಜುಲೈ 18ರಿಂದ ಆರು ಶನಿವಾರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ನೇರವಾಗಿ ಬಂದದ್ದು. ನೈಜಲ್ ನೀಲ್ ಬರೆದದ್ದು, ರುಡಾಲ್ಫ್ ಕಾರ್ಟಿಯರ್ ನಿರ್ದೇಶಿಸಿದ್ದು. ಬಾಹ್ಯಾಕಾಶಕ್ಕೆ ಮೂವರು ಹೋಗುತ್ತಾರೆ, ಒಬ್ಬನೇ ಮರಳುತ್ತಾನೆ, ಆ ಒಬ್ಬನೂ ಮನುಷ್ಯನಾಗಿ ಉಳಿದಿಲ್ಲ. ಮೊದಲ ಎರಡು ಕಂತುಗಳನ್ನು ಫಿಲ್ಮಿಗೆ ಹಿಡಿದು, ಗುಣಮಟ್ಟ ಸಾಲದೆಂದು ನಿಲ್ಲಿಸಿಬಿಟ್ಟರು. ಉಳಿದ ನಾಲ್ಕು ಗಾಳಿಯಲ್ಲಿ ಹೋದವು. ಕೊನೆಯ ಕಂತಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚಿನೊಳಗೆ ಕಾಣಿಸಿಕೊಂಡ ರಾಕ್ಷಸ ಯಾರೆಂದರೆ, ಎಲೆ ತೊಗಲು ಅಂಟಿಸಿದ ಕೈಗವಸು ತೊಟ್ಟು, ಆ ಚರ್ಚಿನ ದೊಡ್ಡ ಫೋಟೋವೊಂದರ ತೂತಿನಿಂದ ಕೈ ಚಾಚಿದ ಲೇಖಕ ನೀಲ್ ಅವರೇ. ಅದನ್ನು ನಾವು ನೋಡಲಾರೆವು. 2005ರ ಡಿವಿಡಿಯಲ್ಲಿ ಆ ಕಂತುಗಳ ಬರಹವನ್ನು ಓದಬಹುದಷ್ಟೆ. ಎರಡನೆಯ ಕಂತಿನಲ್ಲಿ ರೆಕಾರ್ಡ್ ಮಾಡುತ್ತಿದ್ದ ಮಾನಿಟರಿನ ಮೇಲೆ ಒಂದು ಹುಳು ಬಂದು ಕುಳಿತಿದೆ. ನಟರಿಗೆ ಅದರ ಅರಿವಿಲ್ಲ, ಆ ರಾತ್ರಿ ನೋಡಿದವರಿಗೂ ಕಂಡಿಲ್ಲ. ಫಿಲ್ಮಿಗೆ ಮಾತ್ರ ಕಂಡಿದೆ.

ಇದೇ ನೀಲ್ ಮತ್ತು ಕಾರ್ಟಿಯರ್ 1954ರ ಡಿಸೆಂಬರ್ 12ರಂದು ಜಾರ್ಜ್ ಆರ್ವೆಲ್ಲರ ಕಾದಂಬರಿಯಿಂದ ಮಾಡಿದ ‘ನೈನ್‌ಟೀನ್ ಎಯ್ಟಿ ಫೋರ್’ ಕೂಡ ಇದೆ. ಜನ ಬೆಚ್ಚಿಬಿದ್ದು ಸಂಸತ್ತಿನವರೆಗೂ ಮಾತು ಹೋಯಿತು. ಮತ್ತೊಮ್ಮೆ ತೋರಿಸುವುದೆಂದರೆ ಆಗ ಮತ್ತೊಮ್ಮೆ ಆಡುವುದೇ; ಪೀಟರ್ ಕುಶಿಂಗ್ ಮತ್ತು ಸಂಗಡಿಗರು ಡಿಸೆಂಬರ್ 16ರಂದು ಪೂರ್ತಿ ನಾಟಕವನ್ನು ಪುನಃ ನೇರವಾಗಿ ಆಡಿದರು. ನಮಗೆ ಉಳಿದಿರುವುದು ಆ ಎರಡನೆಯದು.

ನೇರಪ್ರಸಾರದ ಅಪಾಯ ಎಂಬ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1958ರ ನವೆಂಬರ್ 30ರಂದು ಬ್ರಿಟನ್ನಿನ ‘ಆರ್ಮ್‌ಚೇರ್ ಥಿಯೇಟರ್’ ಎಂಬ ಟಿವಿ ನಾಟಕಮಾಲೆಯಲ್ಲಿ ‘ಅಂಡರ್‌ಗ್ರೌಂಡ್’ ಎಂಬ ನಾಟಕ ನಡೆಯುತ್ತಿರುವಾಗ ಗ್ಯಾರೆತ್ ಜೋನ್ಸ್ ಎಂಬ ಯುವ ನಟ ಎರಡು ದೃಶ್ಯಗಳ ನಡುವೆ ಕುಸಿದು ತೀರಿಕೊಂಡರು. ನಿರ್ದೇಶಕ ಟೆಡ್ ಕಾಚೆಫ್ ಮತ್ತು ಉಳಿದ ನಟರು ಅವರ ಮಾತುಗಳನ್ನು ಹಂಚಿಕೊಂಡು ನಾಟಕವನ್ನು ಕೊನೆಯವರೆಗೆ ನಡೆಸಿದರು. ಆ ಮಾತು ನೆನಪಾದಾಗಲೆಲ್ಲ ನಾನು ಡಿವಿಡಿಯಲ್ಲಿ ತಡವರಿಸುವ ನಟನನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ.


ರಾತ್ರಿನೋಡುಗ, ವಿಜಯಪುರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಕಳೆದ ಐದು ರಾತ್ರಿ ತಾವು ಹೇಳಿದಂತೆಯೇ ನೋಡಿದೆವು, ಅದನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯ.

ಅಳತೆಯನ್ನು 4:3ಕ್ಕೆ ಇಟ್ಟೊಡನೆ ಕೋಣೆಗಳು ಇಕ್ಕಟ್ಟಾದವು, ಕತೆಯೂ ಬಿಗಿಯಾಯಿತು. ಹೆಡ್‌ಫೋನ್ ಹಾಕಿಕೊಂಡ ತಂದೆಯವರಿಗೆ ಮಾತು ಮುಕ್ಕಾಲು ಪಾಲು ಸಿಗುತ್ತಿದೆ. ಉಳಿದ ಕಾಲು ಪಾಲನ್ನು ಕಂತು ಮುಗಿದ ಮೇಲೆ ನನ್ನಿಂದ ಕೇಳಿ ತಿಳಿದುಕೊಳ್ಳುತ್ತಾರೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಒಂದೇ ಕಂತಿಗೆ ಎರಡು ರಾತ್ರಿ, ಒಮ್ಮೆ ಆರಿಸಿ, ಒಮ್ಮೆ ಹಾಕಿ ಪರೀಕ್ಷಿಸಿದೆವು. ಹಾಕಿದಾಗ ನಟರು ನಿಜಕ್ಕೂ ಹತ್ತಿರ ಬಂದಂತಾಯಿತು. ಆದರೆ ಕೊಲೆಗಾರ ಥಟ್ಟನೆ ಕೈ ಬೀಸಿದಾಗ ಆ ಕೈ ಹರಿದು ಎರಡಾದಂತೆ ಕಂಡಿತು, ನಡುವಿನ ಬೆಸುಗೆಯ ಪಟ್ಟಿಯೂ ಅಲುಗಾಡಿತು. ಅತಿ ಕಡಿಮೆ ಮಟ್ಟದಲ್ಲಿಟ್ಟಾಗ ಎರಡೂ ಸಹಿಸುವಂತಿದ್ದವು. ನಾವು ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ. ನವನಗರದವರು ಕ್ಷಮಿಸಬೇಕು.

ಜಾಹೀರಾತಿನ ವಿಷಯದಲ್ಲಿ ಗುಳೇದಗುಡ್ಡದವರ ಮಾತು ಹೇಳಿದ್ದೇ ತಡ, ತಂದೆಯವರಿಗೆ ಒಂದು ಹೊಸ ಕೆಲಸ ಸಿಕ್ಕಿತು. ಸ್ಪಾರ್ಕ್ ಪ್ಲಗ್ಗಿನ ವರ್ಣನೆ ಶುರುವಾದೊಡನೆ ಅವರು ಕೈಗಡಿಯಾರ ನೋಡುತ್ತಾರೆ. ಅದು ಮುಗಿದು ನಾಟಕ ಮರಳಿದಾಗ ಯಾರ ಉಡುಪು ಬದಲಾಗಿದೆ, ಯಾರ ಎದೆ ಏರಿಳಿಯುತ್ತಿದೆ ಎಂದು ಗಮನಿಸಿ, ಇವನು ಆಚೆ ಸೆಟ್ಟಿನಿಂದ ಓಡಿಬಂದಿದ್ದಾನೆ ಎನ್ನುತ್ತಾರೆ. ಮಗನೂ ನಿನ್ನೆ ಬಂದು ಹಿಂದೆ ನಿಂತ. ಕೂರಲಿಲ್ಲ, ಆದರೆ ಕೊನೆಯವರೆಗೆ ನಿಂತಿದ್ದ.


ನವನಗರದ ರಿಪೇರಿಯವ, ಬಾಗಲಕೋಟೆ

ಕ್ಷಮೆಯ ಮಾತೇ ಬೇಡ. ಬೆಳಗಾವಿಯವರ ವಾದವನ್ನು ಓದಿದ ಮೇಲೆ ನಾನೂ ನನ್ನ ಟಿವಿಯಲ್ಲಿ ಪರೀಕ್ಷಿಸಿ ನೋಡಿದೆ. ರೀಲಿನಿಂದ ನೇರವಾಗಿ ಮಾಡಿದ ಒಳ್ಳೆಯ ಪ್ರತಿಯಾದರೆ ಅವರು ಹೇಳಿದ್ದು ಸರಿಯಾಗಿದೆ. ಕ್ಯಾಸೆಟ್ಟಿನಿಂದ ಮಾಡಿದ ಮಸುಕು ಪ್ರತಿಯಲ್ಲಿ ಟಿವಿಗೆ ಚಲನೆಯ ಜಾಡು ಸಿಗುವುದಿಲ್ಲವಾದ್ದರಿಂದ ಕೈಕಾಲು ಹರಿಯುತ್ತವೆ. ತಮ್ಮ ಡಿವಿಡಿ ಎರಡನೆಯ ಬಗೆಯದೆಂದು ತೋರುತ್ತದೆ. ‘ಸಸ್ಪೆನ್ಸ್’ ಕಂತುಗಳನ್ನು ರೀಲಿನಿಂದಲೇ ತೆಗೆದ ಪ್ರತಿ ಸಿಕ್ಕರೆ ತಮ್ಮ ಅಕ್ಕನ ಮಗನಿಗೆ ಹೇಳಿ ಒಂದನ್ನು ತರಿಸಿಕೊಳ್ಳಿ. ಬೂದಿ ಬಣ್ಣದ ಅರ್ಧ ಅಲ್ಲಿಯೇ ಹೋಗುತ್ತದೆ. ನಡುವಿನ ಪಟ್ಟಿ ಮಾತ್ರ ಹೋಗುವುದಿಲ್ಲ.


ರಾತ್ರಿನೋಡುಗ, ವಿಜಯಪುರ

ಇಂದೇ ಅವನಿಗೆ ಬರೆಯುತ್ತೇನೆ. ಜೊತೆಗೆ ಕ್ವಾಟರ್‌ಮಾಸ್ ಡಿವಿಡಿಯನ್ನೂ ಹೇಳಬೇಕಾಗಿದೆ. ಹುಳುವಿನ ಸಂಗತಿ ಓದಿ ಹೇಳಿದಾಗಿನಿಂದ ತಂದೆಯವರು ಎರಡು ಬಾರಿ ಅದನ್ನೇ ಕೇಳಿದ್ದಾರೆ.